ಅಂಗೈಗಣ್ಣನ ಮೂರು ಬುಟ್ಟಿ ಸೊಪ್ಪು

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಎಳೆಯವಾಗಿದ್ದ ಕಾಲದಲ್ಲಿ, ತೊರೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಹಾಲಿಗೆ ಕೊರತೆಯಿರಲಿಲ್ಲ, ಹೂವಿಗೆ ಕೊರತೆಯಿರಲಿಲ್ಲ. ಇದ್ದದ್ದು ಒಂದೇ ಒಂದು ಕಾಟ. ಆ ಕಾಟದ ಹೆಸರು ಅಂಗೈಗಣ್ಣ.

ಅಂಗೈಗಣ್ಣ ಊರಾಚೆಯ ನೀಲಿ ಬೆಟ್ಟದ ಮೇಲಿದ್ದ ಮಾಂತ್ರಿಕ. ಮುಖದ ಮೇಲೆ ಎಲ್ಲರಿಗೂ ಇರುವ ಹಾಗೆ ಎರಡು ಕಣ್ಣು. ಬಲ ಅಂಗೈಯಲ್ಲಿ ಮೂರನೆಯದೊಂದು. ಅದು ರೆಪ್ಪೆ ಬಡಿಯುತ್ತಿತ್ತು, ನಿದ್ದೆ ಬಂದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಅವನ ಮಂತ್ರವೆಲ್ಲ ನಿಂತಿದ್ದು ಒಂದು ವ್ರತದ ಮೇಲೆ. ಅಮಾವಾಸ್ಯೆಗೊಮ್ಮೆ, ನೆತ್ತಿಯ ಮೇಲೆ ಸೂರ್ಯ ಬಂದ ಹೊತ್ತಿಗೆ, ತನ್ನ ತೋಟದ ಸೊಪ್ಪನ್ನು ಬೇಯಿಸಿ ಉಣ್ಣಬೇಕು. ಆ ಊಟದಲ್ಲಿ ಒಂದು ಹುಳವಿರಬಾರದು, ಒಂದು ಕಾಳು ಮಣ್ಣಿರಬಾರದು. ಇದ್ದರೆ ಅಂದಿಗೇ ಅವನ ಮಾಯೆಯೆಲ್ಲ ಮುಗಿಯಿತು.

ಹಾಗಾದರೆ ತನ್ನ ಸೊಪ್ಪನ್ನು ತಾನೇ ತೊಳೆದುಕೊಳ್ಳಬಾರದೇ ಎನ್ನುತ್ತೀರಿ. ಹೇಗೆ ತೊಳೆದಾನು? ಹುಳ ಬಿಡಿಸಲು ಉಪ್ಪುನೀರು ಬೇಕು, ಉಪ್ಪುನೀರಿಗೆ ಕೈ ಅದ್ದಿದರೆ ಅಂಗೈಯ ಕಣ್ಣು ಧಗಧಗ ಉರಿಯುತ್ತಿತ್ತು. ಆ ಪುಣ್ಯಾತ್ಮ ಹುಟ್ಟಿದಾಗಿನಿಂದ ಒಂದು ಎಲೆಯನ್ನೂ ತೊಳೆದವನಲ್ಲ. ಅದಕ್ಕೇ ಪ್ರತಿ ತಿಂಗಳೂ ಅರಮನೆಗೆ ಹೇಳಿಕಳಿಸುತ್ತಿದ್ದ: "ಸೊಪ್ಪು ತೊಳೆಯಲು ಒಬ್ಬರನ್ನು ಕಳಿಸು. ಇಲ್ಲದಿದ್ದರೆ ನಿನ್ನ ತೊರೆಗಳನ್ನೆಲ್ಲ ಒಂದೇ ಗುಟುಕಿಗೆ ಕುಡಿದುಬಿಡುತ್ತೇನೆ."

ಏಳು ಅಮಾವಾಸ್ಯೆಗೆ ಏಳು ಜನ ಹೋದರು. ಒಬ್ಬರೂ ತಿರುಗಿ ಬರಲಿಲ್ಲ. ಏಳನೆಯವಳು ಅರಮನೆಯ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸಿ ತೊಳೆಯುತ್ತಿದ್ದ ಚಿಕ್ಕತಾಯಮ್ಮ. ಅವಳಿಗೆ ಜವರ ಎಂಬ ತಮ್ಮನಿದ್ದ. ಅವ್ವ ಸತ್ತಾಗ ಜವರನಿಗೆ ಮೂರು ವರ್ಷ. ಅಂದಿನಿಂದ ಅವನಿಗೆ ಅವ್ವನೂ ಅವಳೇ, ಅಪ್ಪನೂ ಅವಳೇ. ಈಗ ಇಪ್ಪತ್ತೈದರ ಗಟ್ಟಿಮುಟ್ಟಾದ ಆಳು, ಅಕ್ಕನ ಜೊತೆಯಲ್ಲೇ ಕೂತು ಸೊಪ್ಪು ತೊಳೆಯುವುದೇ ಅವನ ಕಸುಬು. ಅಕ್ಕ ಹೋದ ತಿಂಗಳೆಲ್ಲ ಅವನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಎಂಟನೆಯ ಅಮಾವಾಸ್ಯೆ ಬಂತು. ಅರಸ ಯಾರನ್ನು ಕಳಿಸಲಿ ಎಂದು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಜವರ ಮುಂದೆ ಬಂದು ನಿಂತ.

"ನಾನು ಹೋಯ್ತೀನಿ ಬುದ್ಧಿ."

"ಬೇಡ ಕಣಪ್ಪ. ನಿಮ್ಮ ಮನೆಯಿಂದ ಆಗಲೇ ಒಬ್ಬಳು ಹೋಗಿದ್ದಾಳೆ," ಎಂದ ಅರಸ.

"ಅದಕ್ಕೇ ಹೋಗ್ಬೇಕು ಬುದ್ಧಿ. ಅವಳನ್ನ ಕರ್ಕೊಂಡು ಬತ್ತೀನಿ. ಆಗದಿದ್ರೆ ನಾನೂ ಬರಾಕಿಲ್ಲ."

ಹಾಗೆಂದವನೇ ತಲೆಗೆ ರುಮಾಲು ಸುತ್ತಿ, ಸೊಂಟಕ್ಕೆ ಒಂದು ಸೇರು ಉಪ್ಪು ಕಟ್ಟಿಕೊಂಡು, ಹೊತ್ತು ಹುಟ್ಟುವ ಮೊದಲೇ ಬೆಟ್ಟ ಹತ್ತಿದ. ಎದೆ ಡವಡವ ಎನ್ನುತ್ತಿತ್ತು. ಕಾಲು ಮಾತ್ರ ಓಡುತ್ತಿತ್ತು.

ಬೆಟ್ಟದ ಮೇಲೆ ತೋಟ, ತೋಟದ ನಡುವೆ ಕಲ್ಲುಮಂಟಪ. ಅಲ್ಲಿ ಎತ್ತಿನ ಗಾಡಿಯಷ್ಟು ದೊಡ್ಡ ಮೂರು ಬುಟ್ಟಿ ಸೊಪ್ಪಿತ್ತು, ಪಕ್ಕದಲ್ಲಿ ತಾಮ್ರದ ಮೂರು ಕೊಪ್ಪರಿಗೆ. ಅಂಗೈಗಣ್ಣ ಬಲಗೈ ಎತ್ತಿ ಜವರನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಮೂರು ಬುಟ್ಟಿಯನ್ನೂ ತೊಳೆ. ಜೀವ ಇದ್ದರೆ ನನ್ನ ಈ ಕಣ್ಣಿಗೆ ಕಾಣುತ್ತದೆ. ಮಣ್ಣು ಉಳಿದಿದ್ದರೆ ಪಾತ್ರೆಯ ತಳ ಹೇಳುತ್ತದೆ. ನನಗೆ ಯಾರೂ ಮೋಸ ಮಾಡಲಾಗದು!"

"ತೊಳೆದರೆ ನಮ್ಮಕ್ಕನ್ನ ಬಿಟ್ಟುಕೊಡ್ತೀರಾ ಸ್ವಾಮಿ?"

"ಆಗಲಿ ಆಗಲಿ," ಎಂದ ಮಾಂತ್ರಿಕ. ಮುಖದ ಎರಡೂ ಕಣ್ಣು ಗಂಭೀರವಾಗಿದ್ದವು. ಅಂಗೈಯ ಕಣ್ಣು ಮಾತ್ರ ಕಳ್ಳನಗೆ ನಕ್ಕಿತು.

ಮೊದಲನೆಯ ಬುಟ್ಟಿಯಲ್ಲಿ ಬೇರುಸಹಿತ ಕಿತ್ತ ಮೆಂತ್ಯದ ಸೊಪ್ಪು. ಅದಕ್ಕೆ ಮೆತ್ತಿದ್ದು ಬರೀ ಮಣ್ಣಲ್ಲ, ಮಾಯದ ಮಣ್ಣು. ಉಜ್ಜಿದರೆ ಒಂದಕ್ಕೆರಡಾಗುವುದು, ಬಡಿದರೆ ಎರಡಕ್ಕೆ ನಾಲ್ಕಾಗುವುದು. ಜವರ ಉಜ್ಜಲಿಲ್ಲ, ಬಡಿಯಲಿಲ್ಲ. ಬೇರು ಕತ್ತರಿಸಿದ, ಸೊಪ್ಪನ್ನು ನೀರಿನಲ್ಲಿ ಮುಳುಗಿಸಿ, ಕೈಯಿಂದ ಮೆಲ್ಲಗೆ ಅಲ್ಲಾಡಿಸಿ, ಸುಮ್ಮನೆ ಕೂತ. ಮಣ್ಣು ಸ್ವಲ್ಪ ಹೊತ್ತು ಕಾದು ನೋಡಿತು. ಯಾರೂ ತನ್ನ ತಂಟೆಗೆ ಬರುವುದಿಲ್ಲವೆಂದು ಬೇಸರವಾಗಿ ಸುರುಸುರು ಇಳಿದು ತಳಕ್ಕೆ ಹೋಗಿ ಮಲಗಿತು. ಆಗ ಜವರ ಎರಡೂ ಕೈ ಹಾಕಿ ಸೊಪ್ಪನ್ನು ಮೇಲೆತ್ತಿ ಎರಡನೆಯ ಕೊಪ್ಪರಿಗೆಗೆ ಹಾಕಿದ, ಅಲ್ಲಿಂದ ಎತ್ತಿ ಮೂರನೆಯದಕ್ಕೆ. ಮೂರನೆಯದರ ತಳ ಕನ್ನಡಿಯ ಹಾಗಿತ್ತು. ಅಂಗೈಗಣ್ಣ ಬಗ್ಗಿ ನೋಡಿ "ಹೂಂ" ಎಂದ.

ಎರಡನೆಯ ಬುಟ್ಟಿಯಲ್ಲಿ ದಂಟಿನ ಸೊಪ್ಪು. ಎಲೆ ಮಗುಚಿದರೆ ಸಾಕು, ಗಿಜಿಗಿಜಿ ಹುಳ!

"ಈಚೆಗೆ ಹುಳ ಹೆಚ್ಚಾಗಿವೆ," ಎಂದ ಅಂಗೈಗಣ್ಣ. "ಅದಕ್ಕೇ ಈ ಸಲ ಹೊಸದಾಗಿ ಇವನನ್ನು ತಂದಿದ್ದೇನೆ." ಅವನು ಚಪ್ಪಾಳೆ ತಟ್ಟಿದ. ಮಂಟಪದ ಹಿಂದಿನಿಂದ ಆನೆಯಷ್ಟು ಎತ್ತರದ ಒಂದು ಹುಂಜ ಧಡ್ ಧಡ್ ಎಂದು ನಡೆದು ಬಂತು. "ನೀನು ಬಿಡಿಸಿದ ಹುಳವೆಲ್ಲ ಇವನ ಪಾಲು." ಹೀಗೆಂದು ಮಾಂತ್ರಿಕ ಸ್ನಾನಕ್ಕೆ ಹೋದ.

ಜವರ ಎರಡು ಹಿಡಿ ಉಪ್ಪನ್ನು ನೀರಿಗೆ ಹಾಕಿ ಕದಡಿ ಸೊಪ್ಪನ್ನು ಮುಳುಗಿಸಿದ. ಉಪ್ಪು ತಗುಲಿದ್ದೇ ತಡ, ಹುಳಗಳು ಎಲೆಯ ಹಿಡಿತ ಬಿಟ್ಟು ಪುಳುಪುಳು ಮೇಲಕ್ಕೆ ತೇಲಿದವು. ಅಷ್ಟರಲ್ಲಿ ನೀರಿನಿಂದ ಸಣ್ಣ ಸಣ್ಣ ದನಿಗಳು ಕೇಳಿಸಿದವು.

"ಅಯ್ಯಯ್ಯೋ, ಉಪ್ಪು ಉಪ್ಪು!"

"ಎತ್ತಪ್ಪಾ ನಮ್ಮನ್ನ! ನಾವು ಮನುಷ್ಯರು ಕಣಪ್ಪಾ!"

ಜವರ ಬೆಚ್ಚಿಬಿದ್ದ. ಅವರು ಬೆಟ್ಟಕ್ಕೆ ಬಂದ ಮೊದಲ ಆರು ಮಂದಿ! ಕೆಲಸ ಮುಗಿದ ಮೇಲೆ ಮಾಂತ್ರಿಕ ಅವರನ್ನೆಲ್ಲ ಹುಳ ಮಾಡಿ ತೋಟಕ್ಕೆ ಬಿಟ್ಟಿದ್ದ.

"ನಮ್ಮಕ್ಕ ಎಲ್ಲಿ? ಚಿಕ್ಕತಾಯಮ್ಮ ಎಲ್ಲಿ?"

"ಮೂರನೇ ಬುಟ್ಟೀಲವಳೆ ಕಣಪ್ಪಾ! ಮೊದ್ಲು ಆ ಹುಂಜನ್ನ ನೋಡು!"

ಹುಂಜ ಕೊಕ್ಕು ಮುಂದಿಟ್ಟುಕೊಂಡು ಬರುತ್ತಿತ್ತು. ಆದರೆ ದಂಟಿನ ಸೊಪ್ಪಿನ ಜೊತೆಗೆ ಮಾಗಿದ ತೆನೆಗಳೂ ಬುಟ್ಟಿಗೆ ಬಂದಿದ್ದವಲ್ಲ! ಹಿಡಿ ತುಂಬ ತೆನೆ ತೆಗೆದು ಎರಡೂ ಕೈಯಲ್ಲಿ ಉಜ್ಜಿ ಹುಲ್ಲಿನ ಮೇಲೆ ಬೀರಿದ. ಸಾಸಿವೆಗಿಂತ ಸಣ್ಣ ಕರಿಬೀಜ, ಸಾವಿರ, ಹತ್ತು ಸಾವಿರ. ಹುಂಜ ಎಷ್ಟು ದೊಡ್ಡದಾದರೇನು, ಹುಂಜ ಹುಂಜವೇ. ಕಾಳು ಕಂಡಲ್ಲಿ ತಲೆ ತಗ್ಗಿಸಿತು. ಒಂದೊಂದೇ ಬೀಜ ಹುಡುಕಿ ಕುಕ್ಕುತ್ತ ತೋಟದ ಆ ತುದಿಗೆ ಹೋಯಿತು.

ಯಾರು ಬರೀ ಹುಳ, ಯಾರು ಮನುಷ್ಯರು ಎಂದು ನೋಡುತ್ತ ಕೂರಲು ಹೊತ್ತೆಲ್ಲಿ? ಜವರ ಎಲ್ಲವನ್ನೂ ಬಾಚಿ ರುಮಾಲಿನ ಮಡಿಕೆಗಳಿಗೆ ತುಂಬಿ ತಲೆಗೆ ಸುತ್ತಿಕೊಂಡ. ಮತ್ತೆರಡು ನೀರಿನಲ್ಲಿ ಸೊಪ್ಪನ್ನು ತೊಳೆದೆತ್ತಿದ. ಅಂಗೈಗಣ್ಣ ಸ್ನಾನ ಮುಗಿಸಿ ಬಂದು ಸೊಪ್ಪಿನ ಮೇಲೆ ಅಂಗೈ ಆಡಿಸಿದ. ಏನೂ ಕಾಣಲಿಲ್ಲ. ಅಂಗೈ ಮೇಲೆದ್ದು ಜವರನ ತಲೆಯ ಮುಂದೆ ನಿಂತಿತು.

"ನಿನ್ನ ರುಮಾಲಿನಲ್ಲಿ ಏನೋ ಜೀವ ಹರಿದಾಡುತ್ತಿದೆಯಲ್ಲ?"

"ಹೇನು ಸ್ವಾಮಿ," ಎಂದ ಜವರ. "ಅಕ್ಕ ಹೋದ್ಮೇಲೆ ತಲೆಗೆ ಎಣ್ಣೆ ಹಚ್ಚೋರಿಲ್ಲ."

"ಥೂ! ದೂರ ನಿಲ್ಲು!" ಎಂದು ಮಾಂತ್ರಿಕ ನಾಲ್ಕು ಹೆಜ್ಜೆ ಹಿಂದೆ ಹಾರಿದ.

ಉಳಿದದ್ದು ಮೂರನೆಯ ಬುಟ್ಟಿ, ತೋಟದೊಳಗಿನ ತೊರೆದಂಡೆಯ ಕೀರೆ ಸೊಪ್ಪು. ಎಲೆಗಳ ತುಂಬ ನುಣ್ಣನೆಯ ಮರಳು. ಜವರ ಒಂದೊಂದೇ ಎಲೆ ಮಗುಚುತ್ತ ಹೋದ, ಕೊನೆಗೆ ಒಂದು ಎಲೆಯ ಬೆನ್ನಿಗೆ ಅಂಟಿಕೊಂಡಿದ್ದ ಹಸಿರು ಹುಳವನ್ನು ಕಂಡ. ಎಲೆಯದೇ ಬಣ್ಣ, ಅಕ್ಕಿಕಾಳಿನಷ್ಟು ಮೈ.

"ಅಕ್ಕಾ!"

"ಮೆತ್ತಗೆ ಕಣ್ಲಾ, ಅವನು ಕೇಳಿಸ್ಕೊಂಡಾನು," ಎಂದಿತು ಹುಳ. ಚಿಕ್ಕತಾಯಮ್ಮನದೇ ದನಿ, ಸೊಳ್ಳೆಯ ದನಿಯಷ್ಟಾಗಿತ್ತು. ಜವರನ ಕಣ್ಣು ತುಂಬಿ ಎಲೆ ಮಸುಕಾಯಿತು.

"ಬಾ ಅಕ್ಕ, ನನ್ನ ಕಿವಿ ಹಿಂದೆ ಕೂತ್ಕೊ. ನೀರಿಗೆ ಹಾಕ್ತೀನಿ ಸೊಪ್ಪನ್ನ."

"ನಾನು ಬರಾಕಿಲ್ಲ. ಹಿಂಗೇ ಎಲೆ ಸುರುಳಿ ಒಳಗೆ ಬಚ್ಚಿಟ್ಕೊಂಡು ಅವನ ಬಾಯಿಗೆ ಹೋಯ್ತೀನಿ. ಒಂದು ಹುಳ ನಾಲಿಗೆಗೆ ಸೋಕಿದ್ರೆ ಸಾಕು, ಅವನ ವ್ರತ ಮುರೀತದೆ. ಆ ಆರು ಜನಾನೂ ಬದುಕ್ತಾರೆ, ನೀನೂ ಬದುಕ್ತೀಯ."

"ಸೊಪ್ಪು ಬೇಯೋ ಮಡಕೇಲಿ ನೀನು ಬೆಂದೋಯ್ತೀಯಲ್ಲ ಅಕ್ಕ!"

"ಗೊತ್ತು ಮಗ."

"ಇಲ್ಲ! ಆಗಾಕಿಲ್ಲ! ನೀನಿಲ್ದೆ ನಾನು ಬದುಕಿ ಏನು ಮಾಡ್ಲಿ?" ಜವರನಿಗೆ ದುಃಖವೂ ಬಂತು, ಸಿಟ್ಟೂ ಬಂತು. ಹುಟ್ಟಿದಾಗಿನಿಂದ ಅಕ್ಕನ ಮಾತಿಗೆ ಎದುರಾಡದವನು ಅಂದು ಎದುರಾಡಿದ. ಬೆರಳ ತುದಿಯಿಂದ ಅವಳನ್ನು ಎಲೆಯಿಂದ ಬಿಡಿಸಿ, ಅವಳು ಬೈಯುತ್ತಿದ್ದಂತೆಯೇ, ಕಿವಿಯ ಹಿಂದೆ ಇಟ್ಟುಕೊಂಡ.

ಸರಿ, ಇಟ್ಟುಕೊಂಡ. ಮುಂದೆ? ಸೊಪ್ಪು ಚೊಕ್ಕಟವಾದರೆ ಮಾಂತ್ರಿಕ ಉಂಡು ಇನ್ನೊಂದು ತಿಂಗಳು ಮೆರೆಯುತ್ತಾನೆ, ಎಲ್ಲರೂ ಹುಳವಾಗಿಯೇ ಉಳಿಯುತ್ತಾರೆ, ತಾನೂ ಹುಳವಾಗುತ್ತಾನೆ. ಹುಳ ಉಳಿಸಿದರೆ ಅಕ್ಕ ಹೋಗುತ್ತಾಳೆ. ಬಿಸಿಲು ನೆತ್ತಿಗೆ ಬರುತ್ತಿತ್ತು. ಜವರ ಸೊಪ್ಪನ್ನು ಮೂರನೆಯ ನೀರಿನಲ್ಲಿ ಮುಳುಗಿಸಿ, ಏನು ಮಾಡಲೂ ತೋಚದೆ ನೀರನ್ನೇ ನೋಡಿದ. ಮರಳು ಮೆಲ್ಲಗೆ ಇಳಿದು ತಳದಲ್ಲಿ ಕೂತಿತು. ಅದನ್ನು ನೋಡುತ್ತ ನೋಡುತ್ತ ಅವನ ಮುಖ ಅರಳಿತು.

ಹುಳಕ್ಕೆ ಜೀವವಿದೆ, ಅಂಗೈಯ ಕಣ್ಣಿಗೆ ಕಾಣುತ್ತದೆ. ಮರಳಿಗೆ ಜೀವವೆಲ್ಲಿದೆ?

ಜವರ ಕೊಪ್ಪರಿಗೆಯ ಎರಡೂ ಕಿವಿ ಹಿಡಿದ. ಸೊಪ್ಪನ್ನು ಮೇಲೆತ್ತಲಿಲ್ಲ. ಕೊಪ್ಪರಿಗೆಯನ್ನೇ ಬುಟ್ಟಿಯ ಮೇಲೆ ಬಗ್ಗಿಸಿದ.

ಕಿವಿಯ ಹಿಂದೆ ಚಿಕ್ಕತಾಯಮ್ಮ ಕಿರುಚಿಕೊಂಡಳು. "ಏ ಬಡ್ಡೆತ್ತದೆ! ಸೊಪ್ಪು ಎತ್ತು, ನೀರು ಬಗ್ಗಿಸ್ಬೇಡ! ತಳದಲ್ಲಿ ಕೂತಿದ್ದ ಮಣ್ಣೆಲ್ಲ ತಿರುಗಿ ಸೊಪ್ಪಿನ ಮೇಲೇ ಬಿತ್ತಲ್ಲೋ! ಇಪ್ಪತ್ತು ವರ್ಷ ನಾನು ಕಲಿಸಿದ್ದು ಇದೇನಾ?"

"ಹೂಂ ಅಕ್ಕ, ಇದೇ," ಎಂದ ಜವರ.

ಆಗ ಅವಳಿಗೆ ತಮ್ಮನ ಉಪಾಯ ಹೊಳೆಯಿತು. ಕಿವಿಯ ಹಿಂದೆ ಕಿಲಕಿಲ ನಗು ಕೇಳಿಸಿತು.

ಅಂಗೈಗಣ್ಣ ಬಂದ. ಸೊಪ್ಪಿನ ಮೇಲೆ ಅಂಗೈ ಆಡಿಸಿದ: ಜೀವವಿಲ್ಲ. ಕೊಪ್ಪರಿಗೆಯ ತಳ ನೋಡಿದ: ಒಂದು ಕಾಳು ಮಣ್ಣಿಲ್ಲ, ಫಳಫಳ ಹೊಳೆಯುತ್ತಿದೆ. ಮನೆಮನೆಯ ಹೆಂಗಸರಿಗೆ ಗೊತ್ತಿರುವ ಸಂಗತಿ ಅಷ್ಟು ದೊಡ್ಡ ಮಾಂತ್ರಿಕನಿಗೆ ಗೊತ್ತಿರಲಿಲ್ಲ. ಒಮ್ಮೆಯೂ ತೊಳೆದವನಲ್ಲ, ಗೊತ್ತಾಗುವುದಾದರೂ ಹೇಗೆ?

"ಭೇಷ್! ನೀನೇ ಎಲ್ಲರಿಗಿಂತ ಗಟ್ಟಿಗ," ಎಂದ.

ಒಲೆ ತಾನೇ ಉರಿಯಿತು. ಮಡಕೆ ತಾನೇ ಕುದಿಯಿತು. ಒಗ್ಗರಣೆ ತಾನೇ ಚಟಪಟ ಎಂದಿತು. ಮಾಂತ್ರಿಕ ಎಲೆಯ ಮುಂದೆ ಕೂತು ಮೊದಲು ಮೆಂತ್ಯದ ಸೊಪ್ಪು ಉಂಡ, ಆಮೇಲೆ ದಂಟಿನ ಸೊಪ್ಪು ಉಂಡ. ಮಾಂತ್ರಿಕ ಕೀರೆ ಸೊಪ್ಪಿನ ದೊಡ್ಡ ತುತ್ತೊಂದನ್ನು ಬಾಯಿಗಿಟ್ಟ. ಅಗಿದ.

ಕರಕ್!

ಹಲ್ಲಿನ ನಡುವೆ ಮರಳು ಕರಕ್ ಎಂದ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ತಿರುಗಿ ಬಂತು. ಅಂಗೈಯ ಕಣ್ಣು ಗಕ್ಕನೆ ಮುಚ್ಚಿತು, ರೆಪ್ಪೆ ಕೂಡಿತು, ಅಲ್ಲಿ ಬರೀ ಅಂಗೈ ಉಳಿಯಿತು. ಆನೆಯಂಥ ಹುಂಜ ಕುಗ್ಗಿ ಕುಗ್ಗಿ ಮಾಮೂಲಿ ಹುಂಜವಾಗಿ ಕೊಕ್ಕೋಕ್ಕೋ ಎಂದಿತು. ಜವರನ ರುಮಾಲು ಪಟಾರೆಂದು ಬಿಚ್ಚಿ, ತಲೆಯಿಂದ ಆರು ಜನ ಗಂಡಸರು ಹೆಂಗಸರು ದೊಪದೊಪನೆ ಬಿದ್ದರು. ಕಿವಿಯ ಹಿಂದಿನಿಂದ ಜಿಗಿದ ಚಿಕ್ಕತಾಯಮ್ಮ ನೆಲಕ್ಕೆ ಕಾಲಿಡುವಷ್ಟರಲ್ಲಿ ಪೂರ್ತಿ ಎತ್ತರವಾಗಿದ್ದಳು. ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ಅವನನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತಳು. ಅವನೂ ಅತ್ತ. ಇಬ್ಬರಿಗೂ ಅಷ್ಟು ಸಂತೋಷವಾಗಿತ್ತು.

ಅಂಗೈಗಣ್ಣ ಈಗ ಹಲ್ಲುನೋವಿನ ಒಬ್ಬ ಮುದುಕ, ಅಷ್ಟೆ. ನಡುಗುತ್ತ ಮೂಲೆ ಸೇರಿದ್ದ. ಅವನನ್ನು ಬೆಟ್ಟದಿಂದ ಉರುಳಿಸೋಣ ಎಂದರು ಆ ಆರು ಜನ.

"ಬ್ಯಾಡ ಬುಡಿ," ಎಂದಳು ಚಿಕ್ಕತಾಯಮ್ಮ. "ನಡೀರಿ ಅಜ್ಜಾರೆ, ಅಡುಗೆಮನೇಲಿ ಸೊಪ್ಪು ಬೇಜಾನ್ ಬಿದ್ದದೆ. ಇನ್ನು ಉಪ್ಪುನೀರು ನಿಮ್ಮನ್ನ ಉರ್ಸಾಕಿಲ್ಲ."

ಅಂದು ತೊರೆನಾಡಿನ ಮನೆಮನೆಯಲ್ಲೂ ಹಬ್ಬ. ಅರಸನೇ ಪಂಕ್ತಿಯಲ್ಲಿ ಕೂತು ಮಸ್ಸೊಪ್ಪು ಉಂಡ. ಬಡಿಸಿದವನು ಜವರ. ತೊಳೆದವನು ಮುದುಕ, ಮೊದಲ ದಿನವಾದ್ದರಿಂದ ಅಲ್ಲಲ್ಲಿ ಕರಕ್ ಎಂದಿತು, ಯಾರೂ ಬೇಸರಪಡಲಿಲ್ಲ. ಚಿಕ್ಕತಾಯಮ್ಮ ಮಾತ್ರ ಊಟಕ್ಕೆ ಎಲ್ಲರಿಗಿಂತ ಕೊನೆಗೆ ಬಂದಳು. ಬುಟ್ಟಿಯ ಎಲೆಗಳಲ್ಲಿ ಸಿಕ್ಕ ಹುಳಗಳನ್ನೆಲ್ಲ ಒಂದು ಕೆಸುವಿನೆಲೆಯ ಮೇಲೆ ಇಟ್ಟುಕೊಂಡು ಹಿತ್ತಲಿಗೆ ಹೋಗಿ, ಬೇಲಿಯ ಗಿಡಕ್ಕೆ ಒಂದೊಂದನ್ನೇ ಹತ್ತಿಸಿ, ಅವು ನೆಲೆ ಕಂಡುಕೊಳ್ಳುವವರೆಗೂ ನಿಂತಿದ್ದು ಬಂದಳು. ಆಮೇಲೆ ತೊರೆನಾಡಿನ ಜನರು ಬಹುಕಾಲ ಸುಖವಾಗಿ ಬಾಳಿದರು. ಹುಳಗಳೂ ಸುಖವಾಗಿ ಬಾಳಿದವು.