ಜುಲೈ ಮೂವತ್ತೊಂದರ ಹೆಬ್ಬೆಟ್ಟು

ಒಂದಾನೊಂದು ಕೋಟೆಗೆ ಒಂದೇ ಬಾಗಿಲಿತ್ತಂತೆ. ಐದು ವರ್ಷಕ್ಕೊಮ್ಮೆ, ಒಂದೇ ಒಂದು ತಿಂಗಳು ಅದು ತಾನಾಗಿ ತೆರೆದುಕೊಳ್ಳುತ್ತಿತ್ತು. ಆಗ ಹೊರಟವರು ಸುಮ್ಮನೆ ನಡೆದುಹೋಗಬಹುದು. ಉಳಿದ ದಿನ ಹೊರಡಬೇಕೆಂದರೆ ಕಾವಲಿನ ರಾಕ್ಷಸನಿಗೆ ಸುಂಕ ತೆರಬೇಕು. ಅಜ್ಜಿ ಈ ಕತೆ ಹೇಳುವಾಗ ನಾನು ರಾಕ್ಷಸನ ಮೀಸೆಯ ಬಗ್ಗೆಯೇ ಯೋಚಿಸುತ್ತಿದ್ದೆ. ಅಂಥದೇ ಬಾಗಿಲು ಮಾಲೂರಿನ ಒಂದು ಸಾಲದ ಕಚೇರಿಯಲ್ಲಿ ನಿಜಕ್ಕೂ ಇದೆಯೆಂದು ನನಗೆ ತಿಳಿದದ್ದು ೨೦೦೪ರ ಜುಲೈ ತಿಂಗಳ ಕೊನೆಯ ಗುರುವಾರ.

ಆ ಬೆಳಿಗ್ಗೆ ಮುಳಬಾಗಿಲಿನ ನಮ್ಮ ಮನೆಗೆ ಶಿವಾರಪಟ್ಟಣದ ವೆಂಕಟರತ್ನಮ್ಮ ಬಂದರು. ಗಂಡ ಕೆತ್ತಿದ ಕಲ್ಲಿನ ವಿಗ್ರಹಗಳನ್ನು ಮೂವತ್ತು ವರ್ಷ ಉಜ್ಜಿ ಹೊಳಪು ಕೊಟ್ಟವರು. ಗಂಡ ತೀರಿಕೊಂಡ ಮೇಲೆ, ತಾವೇ ಸಾಕಿದ ತಂಗಿಯ ಮಗ ಕದಿರೇಶನ ಜೊತೆ ಕೆತ್ತನೆಯ ಶೆಡ್ಡು ನಡೆಸುತ್ತಿದ್ದರು. ಅವರು ಹುಡುಕಿಕೊಂಡು ಬಂದದ್ದು ನನ್ನ ಸೋದರತ್ತೆ ತಿರುಮಲಮ್ಮನನ್ನು. ಅತ್ತೆ ಮಾಲೂರಿನ ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೋಲಾರ, ಶ್ರೀನಿವಾಸಪುರದ ಕಡೆಯಿಂದಲೂ ಜನ ತಮ್ಮ ಕಾಗದಪತ್ರದ ಗೋಜಲು ಹೊತ್ತು ಅವರ ಜಗಲಿಗೆ ಬರುತ್ತಿದ್ದರು. ಚೀಲ ಹಿಡಿದು ಅವರ ಹಿಂದೆ ನಡೆಯುವುದು ನನ್ನ ಪಾಲಿನ ಕೆಲಸ.

ವೆಂಕಟರತ್ನಮ್ಮ ನಡೆದದ್ದನ್ನು ಹೇಳಿದರು. ಐದು ವರ್ಷದ ಹಿಂದೆ ಮನೆಪತ್ರ ಅಡವಿಟ್ಟು ಸಾಲ ಪಡೆದಿದ್ದರು. ಐದೂ ವರ್ಷ ಒಂದೇ ಬಡ್ಡಿ. ಅದರೊಳಗೆ ತೀರಿಸಿದರೆ ನೂರಕ್ಕೆ ಐದರಂತೆ ದಂಡ. ಆ ಅವಧಿ ಜೂನ್ ಕೊನೆಗೆ ಮುಗಿದಿತ್ತು. ಜುಲೈ ಒಂದು ತಿಂಗಳು ತೀರಿಸಿದರೆ ದಂಡವಿಲ್ಲ, ಅದು ದಾಟಿದರೆ ಮತ್ತೆ ದಂಡ. ಬಾಕಿಯಿದ್ದದ್ದು ಒಂದು ಲಕ್ಷ ಎಂಬತ್ತು ಸಾವಿರ, ಕೈಯಲ್ಲಿದ್ದದ್ದು ಒಂದು ಲಕ್ಷ ತೊಂಬತ್ತು. ಮಿಗುವ ಹತ್ತು ಸಾವಿರಕ್ಕೆ ಕ್ವಾರಿಯಲ್ಲಿ ಒಂದು ಕರಿಕಲ್ಲು ಗೊತ್ತುಮಾಡಿದ್ದರು. ಶನಿವಾರ ಸಂಜೆಯೊಳಗೆ ಹಣ ಕೊಡದಿದ್ದರೆ ಆ ಕಲ್ಲು ಬೇರೆಯವರ ಪಾಲು, ವರ್ಷವಿಡೀ ಕೆಲಸ ಕೊಡುವ ಆಂಜನೇಯನ ವಿಗ್ರಹವೂ ಬೇರೆಯವರ ಪಾಲು.

ಬುಧವಾರ ಹಣ ಕಟ್ಟಲು ಹೋದಾಗ ಮ್ಯಾನೇಜರ್ ಮುಕುಂದ್ ಒಂದು ಅರ್ಜಿ ತೋರಿಸಿದರಂತೆ. ಇನ್ನೂ ಐದು ವರ್ಷ ಅದೇ ಕರಾರಿನಲ್ಲಿ ಮುಂದುವರಿಯಲು ವೆಂಕಟರತ್ನಮ್ಮ ಜುಲೈ ಎರಡರಂದೇ ಒಪ್ಪಿದ್ದಾರೆಂದು ಅದರಲ್ಲಿತ್ತು. ಈಗ ತೀರಿಸಿದರೆ ದಂಡ ಒಂಬತ್ತು ಸಾವಿರ. ಅರ್ಜಿಯ ಕೆಳಗೆ ಹೆಬ್ಬೆಟ್ಟು, ಪಕ್ಕದಲ್ಲಿ ಕದಿರೇಶನ ಸಾಕ್ಷಿ ಸಹಿ.

"ನಾನು ಒತ್ತಿಲ್ಲ ತಾಯಿ," ಎಂದರು ವೆಂಕಟರತ್ನಮ್ಮ. "ಸಹಿ ಮಾತ್ರ ಅವನದೇ. ನಂಗೆ ಓದಕ್ಕೆ ಬರದಿದ್ರೂ ಅವನ ಸಹಿ ಗೊತ್ತಾಗ್ತದೆ. ಬೇರೆ ಶೆಡ್ಡು ಹಾಕ್ಕಂತೀನಿ ಅಂತ ಹೋದ ತಿಂಗಳು ಜಗಳ ಆಡ್ದ. ಅದಕ್ಕೆ ಹಿಂಗೆ ಮಾಡ್ತಾನಾ?"

ನಾನು ಕಾಫಿ ಕೊಟ್ಟೆ. ನನಗೆ ಮುಟ್ಟಲಾಗದಷ್ಟು ಸುಡುತ್ತಿದ್ದ ಲೋಟವನ್ನು ಅವರು ಸೆರಗು ಸುತ್ತದೆಯೇ ಹಿಡಿದರು. ಬೆರಳ ತುದಿಗಳು ವಿಗ್ರಹದ ಕೆನ್ನೆಯಂತೆ ಮಿನುಗುತ್ತಿದ್ದವು. ದೇವರನ್ನು ಮುಟ್ಟಿದವರ ಕೈ ಹೀಗೇ ಆಗುವುದೇನೋ ಎಂದು ನಾನು ಎತ್ತಲೋ ಹೋಗಿಬಿಟ್ಟಿದ್ದೆ.

ಅತ್ತೆಯೂ ಆ ಕೈಯನ್ನೇ ನೋಡುತ್ತಿದ್ದರು. "ಶನಿವಾರ ಒಂದು ಗಂಟೆಗೆ ಕಚೇರಿ ಮುಚ್ಚತ್ತೆ," ಎಂದರು. "ಅಷ್ಟರೊಳಗೆ ನಿಮ್ಮ ಮನೆಪತ್ರ ನಿಮ್ಮ ಕೈಲಿರತ್ತೆ. ಹೋಗಿ ಬನ್ನಿ."

ಮರುದಿನ ಶಿವಾರಪಟ್ಟಣಕ್ಕೆ ಹೋದೆವು. ಕದಿರೇಶ ಉಳಿಯಿಂದ ಕಣ್ಣೆತ್ತಲಿಲ್ಲ. "ಸಹಿ ನಂದೇ. ಇನ್ನೇನೂ ಕೇಳ್ಬೇಡಿ," ಎಂದಷ್ಟೇ ಹೇಳಿದ. ಕಳ್ಳ ಸಿಕ್ಕಿದ ಎಂದುಕೊಂಡೆ ನಾನು.

ಅಲ್ಲಿಂದ ಮಾಲೂರಿನ ಕಚೇರಿಗೆ. ಅರ್ಜಿ ತಂದುಕೊಟ್ಟಿದ್ದ ಏಜೆಂಟ್ ಅಮರನಾಥ್ ಶ್ರೀನಿವಾಸಪುರದವನು, ಈ ಕೆಲಸಕ್ಕೆ ಸೇರಿ ಎರಡು ವರ್ಷ. ನಮಗೆ ಕುರ್ಚಿ ಎಳೆದುಕೊಟ್ಟ. ಆ ಯಮ್ಮ ತನ್ನ ಕಣ್ಣೆದುರೇ ಹೆಬ್ಬೆಟ್ಟು ಒತ್ತಿದರೆಂದು ನಗುತ್ತಲೇ ಹೇಳಿದ. ನೋಂದಣಿ ಕಚೇರಿಯ ಕಾಲದಿಂದ ಅತ್ತೆಯನ್ನು ಬಲ್ಲ ಮುಕುಂದ್ ಅವನನ್ನು ಹೊರಗೆ ಕಳಿಸಿದ ಮೇಲೆಯೇ ಕಬ್ಬಿಣದ ಬೀರು ತೆರೆದರು. ಗಿರಾಕಿಗಳ ಫೈಲನ್ನು ಏಜೆಂಟರಿಗೆ ತೋರಿಸುವಂತಿಲ್ಲವಂತೆ. ಅತ್ತೆ ಹೊಸ ಅರ್ಜಿಯನ್ನು ಒಮ್ಮೆ ನೋಡಿ ಬದಿಗಿಟ್ಟರು. ಹಳೆಯ ಅಡಮಾನ ಪತ್ರದ ಕೊನೆಯ ಪುಟವನ್ನು ಮಾತ್ರ ಬಹಳ ಹೊತ್ತು ನೋಡಿದರು. ನಾನೂ ಇಣುಕಿದೆ. ಹೊಸ ಹೆಬ್ಬೆಟ್ಟು ಉತ್ತ ಹೊಲದ ಸಾಲುಗಳಂತೆ ಅಚ್ಚುಕಟ್ಟಾಗಿತ್ತು. ಹಳೆಯದರಲ್ಲಿ ಬರಿಯ ಮಸಿಯ ಕಲೆ. ಐದು ವರ್ಷದ ಕಾಗದವಲ್ಲವೇ, ಮಾಸಿರಬೇಕು ಎಂದುಕೊಂಡೆ.

ಶನಿವಾರ ಹನ್ನೆರಡಕ್ಕೆ ಮ್ಯಾನೇಜರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ವೆಂಕಟರತ್ನಮ್ಮ ದುಡ್ಡಿನ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು, ಕದಿರೇಶನಿಗೆ ಬೆನ್ನು ಹಾಕಿ ಕೂತಿದ್ದರು.

ಅತ್ತೆ ಮಸಿಯ ಪ್ಯಾಡನ್ನು ಅವರ ಮುಂದೆ ಸರಿಸಿದರು. ಅವರು ಬಿಳಿಯ ಹಾಳೆಯ ಮೇಲೆ ನಾಲ್ಕು ಸಲ ಹೆಬ್ಬೆಟ್ಟು ಒತ್ತಿದರು. ನಾಲ್ಕು ಸಲವೂ ಗೆರೆಯಿಲ್ಲದ ಕಲೆ ಬಿತ್ತು. ಮುಕುಂದ್ ಹಾಳೆಯನ್ನು ಬೆಳಕಿಗೆ ಹಿಡಿದರು.

"ಮೂವತ್ತು ವರ್ಷ ಕಲ್ಲು ಉಜ್ಜಿದ ಕೈ," ಎಂದರು ಅತ್ತೆ. "ಗೆರೆ ಸವೆದುಹೋಗಿದೆ. ನೋಂದಣಿಗೆ ಇವರ ಊರಿನ ಹೆಂಗಸರು ಬಂದ್ರೆ ಹೆಬ್ಬೆಟ್ಟು ಮೂಡಿಸೋಕೆ ನಾವು ಒದ್ದಾಡ್ತಿದ್ವಿ. ಹಾಗಾಗಿ ಅರ್ಜಿಯಲ್ಲಿರೋದು ಇವರದಲ್ಲ. ಇನ್ಯಾರದು?"

ಕದಿರೇಶನದಲ್ಲ ಎಂದು ಅತ್ತೆಯೇ ಮುಂದುವರಿಸಿದರು. ಅವನದೂ ಕಲ್ಲುಜ್ಜುವ ಕೈ. ದೊಡ್ಡಮ್ಮನ ಹೆಬ್ಬೆಟ್ಟು ಮೂಡುವುದಿಲ್ಲವೆಂಬುದು ಅವನಿಗೆ ಗೊತ್ತು. ಮುಕುಂದ್ ಅವರದೂ ಅಲ್ಲ. ಹಳೆಯ ಪತ್ರ ಅವರ ಬೀರುವಿನಲ್ಲೇ ಇದೆ. ಸುಳ್ಳು ಕಾಗದ ಮಾಡುವವರು ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡೂ ನೋಡದೆ ಇರುತ್ತಾರೆಯೇ? ಅವರಾಗಿದ್ದರೆ ಕಲೆಯನ್ನೇ ಮೂಡಿಸುತ್ತಿದ್ದರು.

"ಇದನ್ನ ಮಾಡಿದವರು ಆ ಫೈಲೂ ನೋಡಿಲ್ಲ, ಈ ಕೈಯೂ ನೋಡಿಲ್ಲ. ಕದಿರೇಶ, ಆ ಸಹಿ ಯಾವಾಗ ಹಾಕ್ದೆ?"

ಕದಿರೇಶ ನೆಲ ನೋಡುತ್ತ ಹೇಳಿದ. ಮೇ ತಿಂಗಳಲ್ಲಿ, ಸಾಲ ತೀರಿಸುವ ಅರ್ಜಿಯೆಂದು ನಂಬಿಸಿ, ಅಮರನಾಥ್ ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡಿದ್ದ. ಓದುಬರಹ ಬಲ್ಲ ತಾನೇ ಹೀಗೆ ಮೋಸಹೋದೆನೆಂದು ದೊಡ್ಡಮ್ಮನಿಗೆ ಹೇಳಲು ಬಾಯಿ ಬಂದಿರಲಿಲ್ಲ.

ಅತ್ತೆ ಪ್ಯಾಡನ್ನು ಅಮರನಾಥನ ಕಡೆ ತಳ್ಳಿದರು. ಅವನ ಎಡಗೈ ಪ್ಯಾಂಟಿನ ಜೇಬಿಗಿಳಿಯಿತು.

"ಕೈ ಆಚೆ ತೆಗೀರಿ."

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಅವನು ಕೈ ತೆಗೆಯಲಿಲ್ಲ.

"ಗಿರಾಕಿ ಉಳಿದ್ರೆ ಎರಡು ಸಾವಿರ ಕಮಿಷನ್ ಬರ್ತಿತ್ತು ಸಾರ್," ಎಂದ ಕೊನೆಗೆ. "ಹೆಬ್ಬೆಟ್ಟು ಅಂದ್ರೆ ಎಲ್ಲಾರ್ದೂ ಒಂದೇ ಥರ ಅಂದ್ಕೊಂಡಿದ್ದೆ."

ಮುಕುಂದ್ ಅವನ ಕಡೆ ನೋಡಲೇ ಇಲ್ಲ. ಅರ್ಜಿಯ ಮೇಲೆ ಅಡ್ಡಗೆರೆ ಎಳೆದು ರದ್ದೆಂದು ಬರೆದು, ಕ್ಯಾಷಿಯರನ್ನು ಕೂಗಿದರು. ನೋಟು ಎಣಿಸಿ ಮುಗಿಯುವಾಗ ಒಂದಕ್ಕೆ ಹತ್ತು ನಿಮಿಷವಿತ್ತು. ದಂಡವಿಲ್ಲದ ರಸೀದಿ ಹರಿದರು. ಬೀರುವಿನಿಂದ ಮನೆಪತ್ರ ಹೊರಬಂತು. ಅತ್ತೆ ಅದರ ಒಂದೊಂದು ಪುಟವನ್ನೂ ತಿರುವಿನೋಡಿ ವೆಂಕಟರತ್ನಮ್ಮನ ಕೈಗಿಟ್ಟರು.

ಕದಿರೇಶ ಬಾಗಿಲ ಬಳಿ ನಿಂತೇ ಇದ್ದ.

"ಲೇ ನಾಯನಾ, ಅಲ್ಲೇನ್ ನಿಂತ್ಕಂಡಿದೀಯ? ಕಲ್ಲು ಯಾರಾನ ಎತ್ಕಂಡ್ ಹೋಗೋ ಮುಂಚೆ ನಡಿ."

"ನನ್ನ ಮೇಲೆ ಕೋಪ ಇಲ್ವಾ ದೊಡ್ಡಮ್ಮ?"

"ಐತೆ. ಬಸ್ಸಲ್ಲಿ ಬೈತೀನಿ."

ಮನೆಪತ್ರವನ್ನು ಅವನ ಕೈಗೆ ಕೊಟ್ಟು, ಹತ್ತು ಸಾವಿರದ ಗಂಟನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು, ಅವರು ಮೆಟ್ಟಿಲಿಳಿದರು.