ವಸಿ ತಾಳಿ, ಅತ್ರಕ್ಕೆ ಬತ್ತದೆ

"ಮೈಕ್ ಬುಡ್ರಮ್ಮ! ಮೊದ್ಲು ಟಗರು ಇಡ್ಕಳಿ!"

ಯಾರೋ ಗಂಡಸಿನ ದನಿ. ಮಂಜುಶ್ರೀ ತಿರುಗಿ ನೋಡುವಷ್ಟರಲ್ಲಿ ದುಂಡಗಿನ ಬಿಳಿ ಟಗರೊಂದು ನೇರ ಅವಳತ್ತಲೇ ನುಗ್ಗಿ ಬರುತ್ತಿತ್ತು! ಅವಳ ಬೆನ್ನ ಹಿಂದೆ ಹೊಸದಾಗಿ ಕಟ್ಟಿಸಿದ ಅಲೆಗಳ ಕೊಳ. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಟಗರು ನೀರಿಗೆ...

ಮೈಕನ್ನು ಕುರ್ಚಿಯ ಮೇಲೆಸೆದು, ಉಟ್ಟ ಸೀರೆಯನ್ನೂ ಲೆಕ್ಕಿಸದೆ ಅವಳು ಟಗರಿನ ಕೊರಳನ್ನು ತಬ್ಬಿ ಹಿಡಿದಳು. ಟಗರಿನ ಜೊತೆ ತಾನೂ ದೊಪ್ಪನೆ ಕೂತಳು.

ಓಡಿ ಬಂದ ಯುವಕ ಏದುಸಿರು ಬಿಡುತ್ತಾ ನಕ್ಕ. "ಕುರಿ ಇಡಿಯಾಕೆ ಸಂದಾಗಿ ಬತ್ತದಲ್ಲ ನಿಮ್ಗೆ! ಯಾವೂರು ನಿಮ್ದು?"

ಅವಳು ಎದ್ದು ಸೀರೆಯ ಧೂಳು ಕೊಡವಿಕೊಂಡಳು.

"ಮೈಸೂರು," ಎಂದಳು.

ಸುಳ್ಳು. ಅವಳದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಟಗರು ಹಿಡಿಯುವುದನ್ನು ಏಳನೇ ವಯಸ್ಸಿನಲ್ಲೇ ಕಲಿತವಳು!

ಮದ್ದೂರು ದಾಟಿ ಹೆದ್ದಾರಿಯ ಪಕ್ಕದಲ್ಲಿದ್ದ 'ಸಿರಿಲೋಕ' ರೆಸಾರ್ಟಿನಲ್ಲಿ ಅವಳ ದನಿ ಎಲ್ಲರಿಗೂ ಗೊತ್ತು. ಧ್ವನಿವರ್ಧಕದಲ್ಲಿ ಸ್ವಾಗತ ಹೇಳುವುದು, ಹೊಸ ಆಟಗಳ ಸುದ್ದಿ ಬರೆಯುವುದು, ವಿಡಿಯೊ ಮಾಡುವುದು ಎಲ್ಲವೂ ಅವಳದೇ ಕೆಲಸ. ಎರಡು ವರ್ಷದ ಹಿಂದೆ ಸಂದರ್ಶನದಲ್ಲಿ ಬಾಯಿ ತಪ್ಪಿ 'ಹಳ್ಳಿ'ಗೆ 'ಅಳ್ಳಿ' ಅಂದಿದ್ದಳು. ಎದುರಿಗೆ ಕೂತಿದ್ದ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕಿದ್ದರು. ಆ ನಗು ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಅಂದಿನಿಂದ ಅವಳು ಒಂದೊಂದು ಮಾತನ್ನೂ ತೊಳೆದು ಒರೆಸಿ ಆಡುತ್ತಿದ್ದಳು.

ಮುಂದಿನ ಭಾನುವಾರ ಮೂರು ಹೊಸ ಆಕರ್ಷಣೆಗಳು ಒಟ್ಟಿಗೇ ಶುರುವಾಗಲಿದ್ದವು. ಅಲೆಗಳ ಕೊಳ, 'ಗಗನತೇರು' ಎಂಬ ಎತ್ತರದ ಚಕ್ರ, ಜೊತೆಗೆ 'ಕುರಿಹಟ್ಟಿ'. ಟಗರಿನ ಹಿಂದೆ ಓಡಿ ಬಂದಿದ್ದ ಬಂಡೂರಿನ ಶಿವರಾಜು ತಾನೇ ಸಾಕಿದ ಹನ್ನೆರಡು ಕುರಿಗಳನ್ನು ಅದಕ್ಕಾಗಿಯೇ ಟೆಂಪೋದಲ್ಲಿ ತಂದಿದ್ದ. ಅವು ಇಲ್ಲಿರುವಷ್ಟು ದಿನ ಅವನೂ ಇಲ್ಲೇ.

ಕುರಿಹಟ್ಟಿಯ ಬಗ್ಗೆ ಬರೆಯಬೇಕಲ್ಲ, ಅದಕ್ಕೇ ಹೋಗುತ್ತಿದ್ದೇನೆ ಎಂದು ಮಂಜುಶ್ರೀ ತನಗೆ ತಾನೇ ಹೇಳಿಕೊಂಡಳು. ಮೊದಲ ದಿನ ಅದು ನಿಜವೇ ಆಗಿತ್ತು. ಮೂರನೇ ದಿನ?

*ಬರೆಯುವುದು ಮುಗಿದು ಎರಡು ದಿನ ಆಯಿತು... ಮತ್ತೆ ಯಾಕೆ ಬಂದೆ ನಾನು?*

ಶಿವರಾಜು ಹೆಚ್ಚು ಕೇಳುವವನಲ್ಲ. ಅವಳು ಬಂದರೆ ಟವೆಲಿನಿಂದ ಕಲ್ಲಿನ ಧೂಳು ಒರೆಸಿ ಕೂರಲು ಜಾಗ ಮಾಡುತ್ತಿದ್ದ. ಹಿಂಡಿಯನ್ನು ಉಂಡೆ ಕಟ್ಟಿ ಒಂದೊಂದೇ ಕುರಿಗೆ ತಿನ್ನಿಸುತ್ತಿದ್ದ. ಪ್ರತಿ ಕುರಿಯ ಜೊತೆಗೂ ಬೇರೆ ಬೇರೆ ಮಾತು. ಒಂದು ದಿನ ಅವಳು ಫೋನ್ ಹಿಡಿದು, "ಮಕ್ಕಳಿಗೆ ಹೇಳುವ ಹಾಗೆ ಏನಾದರೂ ಹೇಳಿ," ಎಂದಳು.

ಅವನು ನಾಚಿಕೊಂಡೇ ಶುರುಮಾಡಿದ. "ಇದು ನಮ್ ಬಂಡೂರ್ ಕುರಿ ಕಣ್ರಪ್ಪ. ಕಾಲು ಗಿಡ್ಡ, ಮೈ ತುಂಬ್ಕಂಡದೆ. ಎದ್ರುಸ್ಬ್ಯಾಡಿ, ಅಟ್ಟುಸ್ಕಂಡ್ ಓಗ್ಬ್ಯಾಡಿ. ವಸಿ ತಾಳಿ... ಅದೇ ಅತ್ರಕ್ಕೆ ಬತ್ತದೆ."

ಕೊನೆಯ ಮಾತು ಹೇಳುವಾಗ ಅವನು ನೋಡಿದ್ದು ಕುರಿಯನ್ನಲ್ಲ. ಅವಳನ್ನು.

ವಿಡಿಯೊವನ್ನು ಅವಳು ಇದ್ದಂತೆಯೇ ಮ್ಯಾನೇಜರ್ ರೂಪ ಮೇಡಂಗೆ ಕಳಿಸಿದಳು. ಮರುದಿನ ಮಧ್ಯಾಹ್ನದೊಳಗೆ ಅದು ಊರೆಲ್ಲ ಹರಡಿತ್ತು. ಆದರೆ... ಅದು ಅವಳು ಕಳಿಸಿದ ವಿಡಿಯೊ ಆಗಿರಲಿಲ್ಲ! ಪ್ರಚಾರದವರು ಅವನ ಒಂದೊಂದು ಮಾತಿನ ಹಿಂದೆಯೂ ಗೊಳ್ಳೆಂದು ನಗುವ ಸದ್ದು ಸೇರಿಸಿದ್ದರು. 'ಅತ್ರಕ್ಕೆ ಬತ್ತದೆ' ಎಂದು ಅಣಕಿಸಿ ಯಾರು ಯಾರೋ ವಿಡಿಯೊ ಮಾಡಿದ್ದರು. ಕ್ಯಾಂಟೀನಿನಲ್ಲಿ ಶಿವರಾಜು ತಟ್ಟೆ ಹಿಡಿದು ನಿಂತರೆ ಹಿಂದಿನಿಂದ ಅದೇ ಮಾತು, ಅದೇ ನಗು.

ಮಂಜುಶ್ರೀ ಓಡುತ್ತಾ ಕುರಿಹಟ್ಟಿಗೆ ಬಂದಳು. ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಅವ್ವ ಬೆಟ್ಟಮ್ಮ.

"ಮಗ, ಭಾನ್ವಾರ ನಾನೂ ಬತ್ತೀನಿ ಕಣೆ. ನೀನು ಮೈಕಲ್ಲಿ ಮಾತಾಡಾದ ಒಂದ್ಸಲ ಕೇಳ್ಬೇಕು."

"ಬ್ಯಾಡ ಕಣವ್ವ! ಇಲ್ಲಿ ದೊಡ್ಡ ದೊಡ್ಡೋರೆಲ್ಲ ಬತ್ತರೆ. ನೀನು ಬಾಯ್ಬುಟ್ರೆ... ಬ್ಯಾಡ ಬುಡವ್ವ, ಇನ್ನೊಂದಿನ ಕರ್ಸ್ಕತೀನಿ."

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಶಿವರಾಜು ನಿಂತಿದ್ದ!

"ಮೈಸೂರು ಅಂದ್ರಲ್ಲ?"

"ಅದು... ನಾನು..."

"ನನ್ ನೋಡಿ ನಗಾಡಿದ್ರಿ, ಓಗ್ಲಿ. ನಾನು ಕುರಿ ಕಾಯೋನು, ತಡ್ಕತೀನಿ." ಅವನ ದನಿ ಏರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಆದ್ರೆ ನಿಮ್ಮವ್ವನೂ ಇಂಗೇ ಅಲ್ವಾ ಮಾತಾಡಾದು? ಎತ್ತೋಳ್ ಮಾತ್ಗೇ ನಾಚ್ಕತೀರಲ್ಲ!"

"ಆ ನಗು ನಾನು ಹಾಕಿದ್ದಲ್ಲ ಶಿವರಾಜು ಅವರೇ! ನಂಬಿ..."

"ಭಾನ್ವಾರ ಬೆಳಿಗ್ಗೆ ಟೆಂಪೋ ತತ್ತೀನಿ. ಕುರಿ ತುಂಬ್ಕಂಡ್ ಓಯ್ತೀನಿ. ಅಲ್ಲೀಗಂಟ ವಸಿ ನೋಡ್ಕಳಿ, ಅವೇನ್ ಮಾಡವೆ ಪಾಪ."

ಅವನು ಊರಿನ ಬಸ್ಸಿಗೆ ಹೋದ. ಅವಳು ಅದೇ ಕಲ್ಲಿನ ಮೇಲೆ ಕುಸಿದು ಕೂತು ಅತ್ತಳು. ನಗು ಹಾಕಿದ್ದು ಅವಳಲ್ಲ, ನಿಜ. ಆದರೆ ಅವ್ವನಿಗೆ ಬೇಡ ಅಂದದ್ದು? ಅದನ್ನು ಯಾರ ತಲೆಗೆ ಕಟ್ಟುವುದು?

ಆ ಸಂಜೆಯೇ ರೂಪ ಮೇಡಂ ಮುಂದೆ ನಿಂತಳು. "ಮೇಡಂ, ಆ ವಿಡಿಯೊ ತೆಗೆಸಿ."

"ನಾಲ್ಕು ಲಕ್ಷ ಜನ ನೋಡಿದ್ದಾರೆ, ಮಂಜು!"

"ನಾಲ್ಕು ಲಕ್ಷ ಜನ ಒಬ್ಬ ಒಳ್ಳೆಯವನನ್ನು ನೋಡಿ ನಕ್ಕಿದ್ದಾರೆ, ಮೇಡಂ."

ರೂಪ ಮತ್ತೆ ಕಂಪ್ಯೂಟರಿನತ್ತ ತಿರುಗಿದರು. ಹೊರಗೆ ಬಂದ ಮಂಜುಶ್ರೀ ಅವ್ವನಿಗೆ ಫೋನ್ ಮಾಡಿದಳು. "ಅವ್ವಾ... ತಪ್ಪಾಯ್ತು ಕಣವ್ವ. ನೀನು ಬರ್ಲೇಬೇಕು."

ಭಾನುವಾರ. ಸಾವಿರಾರು ಜನ! ಹಿಂದಿನ ಗೇಟಿನಲ್ಲಿ ಟೆಂಪೋ ನಿಂತಿತ್ತು. ಶಿವರಾಜು ಒಂದೊಂದೇ ಕುರಿಯನ್ನು ಎತ್ತಿ ಹತ್ತಿಸುತ್ತಿದ್ದ. ಅಲ್ಲಿಗೂ ಧ್ವನಿವರ್ಧಕ ಕೇಳುತ್ತದೆಂದು ಮಂಜುಶ್ರೀಗೆ ಗೊತ್ತಿತ್ತು. ಬರೆದಿಟ್ಟಿದ್ದ ಸ್ವಾಗತದ ಹಾಳೆಯನ್ನು ಅವಳು ಮಡಚಿಟ್ಟಳು.

"ಎಲ್ಲಾರ್ಗೂ ನಮಸ್ಕಾರ ಕಣ್ರಪ್ಪ!"

ಜನ ತಲೆಯೆತ್ತಿದರು. ರೂಪ ಮೇಡಂ ಗಾಬರಿಯಿಂದ ಎದ್ದು ನಿಂತರು.

"ನಾನು ಮಂಜುಶ್ರೀ. ನಮ್ಮೂರು ಪೂರಿಗಾಲಿ. ಎರಡು ವರ್ಸದಿಂದ ಮೈಸೂರು ಅಂತ ಸುಳ್ ಯೋಳ್ಕಂಡ್ ಬಂದೆ. ನನ್ ಮಾತ್ ಕೇಳಿ ನಗಾಡ್ತರೆ ಅಂತ ಎದ್ರುಕೊಂಡಿದ್ದೆ. ಇಲ್ಲಿ ಒಬ್ರು ಎದ್ರುಕೊಳ್ದೆ ಮಾತಾಡಿದ್ರು, ಅವರ್ನ ನೋಡಿ ಲೋಕವೇ ನಗಾಡ್ತು. ಆ ವಿಡಿಯೊ ಮಾಡ್ದೋಳು ನಾನು. ಕ್ಷಮಿಸ್ಬೇಕು, ಶಿವರಾಜು. ನೀವು ಮಾತಾಡಿದ್ರೆ ನಂಗೆ... ನಮ್ಮವ್ವನ್ ಮಡ್ಲಲ್ ಕೂತಂಗಾಯ್ತದೆ."

ಮುಂದಿನ ಸಾಲಿನಲ್ಲಿ ಬೆಟ್ಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಮತ್ತೊಬ್ಬರು. ಮದ್ದೂರು, ಮಳವಳ್ಳಿ ಕಡೆಯವರ ಶಿಳ್ಳೆಗಳು ಎದ್ದವು!

ಉಳಿದ ಸ್ವಾಗತವನ್ನೂ ಹೇಳಿ ಮುಗಿಸಿ, ಮಂಜುಶ್ರೀ ಮೈಕ್ ಇಟ್ಟು ಹಿಂದಿನ ಗೇಟಿಗೆ ಓಡಿದಳು. ಅಲ್ಲಿ ಟೆಂಪೋ ಇರಲಿಲ್ಲ.

*ಹೋಗಿಬಿಟ್ಟನಾ...? ಕೇಳಿಸಲೇ ಇಲ್ಲವಾ?*

ಕಾಲೆಳೆದುಕೊಂಡು ಕುರಿಹಟ್ಟಿಗೆ ಬಂದಳು. ಹನ್ನೆರಡೂ ಕುರಿಗಳು ಅಲ್ಲೇ ಇದ್ದವು! ಅವುಗಳ ಮಧ್ಯೆ ಶಿವರಾಜು.

"ಬಾಡ್ಗೆ ಗಾಡಿ, ಕಳುಸ್ಬುಟ್ಟೆ," ಎಂದ. ಕಣ್ಣು ಕೆಂಪಾಗಿತ್ತು. "ನೀವಲ್ಲ ಅಂದ್ರೂ ಕೇಳ್ಳಿಲ್ಲ ನಾನು. ಒರಟಾಗ್ ಮಾತಾಡ್ಬುಟ್ಟೆ."

"ನೀವು ಯೋಳಿದ್ರಲ್ಲಿ ಒಂದೂ ಸುಳ್ಳಿರ್ಲಿಲ್ಲ," ಎಂದಳು ಅವಳು.

ಮಧ್ಯಾಹ್ನ ರೂಪ ಮೇಡಂ ಅವಳ ಕೈಗೆ ಮೆಮೊ ಕೊಟ್ಟರು, ಹೇಳದೆ ಕೇಳದೆ ಕಾರ್ಯಕ್ರಮ ಬದಲಿಸಿದ್ದಕ್ಕೆ. ಮೂರು ಹೆಜ್ಜೆ ಹೋಗಿ ನಿಂತು, ತಿರುಗದೆಯೇ ಹೇಳಿದರು: "ವಿಡಿಯೊ ತೆಗೆಸಿದ್ದೀನಿ."

ಸಂಜೆ ಜನ ಕರಗಿದ ಮೇಲೆ ಕೆಲಸದವರಿಗೆಲ್ಲ ಗಗನತೇರಿನಲ್ಲಿ ಒಂದು ಸುತ್ತು. ಬೆಟ್ಟಮ್ಮ ಖಡಾಖಂಡಿತವಾಗಿ ಬೇಡವೆಂದು ಕೆಳಗೇ ಕೂತಳು. ಒಂದು ತೊಟ್ಟಿಲಲ್ಲಿ ಎದುರುಬದುರಾಗಿ ಮಂಜುಶ್ರೀ, ಶಿವರಾಜು. ಚಕ್ರ ಮೇಲೇರಿತು. ಕೆಳಗೆ ಕಬ್ಬಿನ ಗದ್ದೆ, ನಾಲೆಯ ನೀರಿನಲ್ಲಿ ಇಳಿಬಿಸಿಲು. ತುತ್ತತುದಿಗೆ ಬಂದು ತೊಟ್ಟಿಲು ನಿಂತಿತು. ಶಿವರಾಜು ಸರಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದ!

"ಭಯನಾ?"

"ಊಂ."

"ಮತ್ಯಾಕ್ ಈ ತೊಟ್ಲು ಅತ್ತಿದ್ರಿ?"

"ನೀನು ಅತ್ತಿದ್ಯಲ್ಲ."

ಅವನು ಮೊದಲ ಸಲ ಏಕವಚನದಲ್ಲಿ ಕರೆದಿದ್ದ. ಅವಳು ಎದ್ದು ಅವನ ಪಕ್ಕ ಕೂತು, ಸರಳಿನ ಮೇಲಿದ್ದ ಅವನ ಕೈಮೇಲೆ ಕೈಯಿಟ್ಟಳು.

"ಕಣ್ಬುಡು ಶಿವು. ನಾನಿದೀನಲ್ಲ."

ಅವನು ಮೆಲ್ಲಗೆ ಕಣ್ಣು ಬಿಟ್ಟ. ಊರು, ಗದ್ದೆ, ಹೆದ್ದಾರಿ ಯಾವುದನ್ನೂ ನೋಡಲಿಲ್ಲ. ಅವಳನ್ನೇ ನೋಡಿದ.

"ನಂಗೆ ನೀನಂದ್ರೆ ಇಷ್ಟ ಕಣೆ," ಎಂದ. "ಕೆಳಿಕ್ ಇಳುದ್ಮೇಲೆ ಯೋಳನ ಅಂದ್ಕಂಡಿದ್ದೆ. ತಡಿಯಾಕಾಗ್ಲಿಲ್ಲ."

"ಕೆಳಿಕ್ ಇಳುದ್ಮೇಲೆ ನಮ್ಮವ್ವನ್ ಮುಂದೆ ಇನ್ನೊಂದ್ಸಲ ಯೋಳ್ಬೇಕಾಯ್ತದೆ," ಎಂದು ಅವಳು ಅವನ ಭುಜಕ್ಕೆ ತಲೆಯಾನಿಸಿದಳು. "ಈಗ್ಲೇ ನಡುಗ್ತಿದೀಯ. ಅವಾಗೇನ್ ಮಾಡೀಯೋ!"

"ನೀನು ಪಕ್ಕದಲ್ಲಿ ನಿಂತ್ಕತೀಯ ತಾನೆ?"

"ನಿಂತ್ಕತೀನಿ ಕಣೋ."