ಭಾವ ಕೂರಿಸಿದ ಮೋಟರು

ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ ಅಕ್ಕನ ಮುಂದಿನ ಹಲ್ಲನ್ನು ತಮ್ಮನಾದ ಅವನೇ ಎತ್ತಿಕೊಂಡ. "ಬಾಗಿಲಿಗೆ ಬಡೀತು ಕಣೋ" ಅಂದಳು ಅಕ್ಕ, ಬಾಯಿಗೆ ಬಟ್ಟೆ ಒತ್ತಿಕೊಂಡು. ಬಾಗಿಲಂತೆ, ಬಾಗಿಲು! ಮದುವೆಯಾದಾಗಿನಿಂದ ಆ ಮನೆಯ ಬಾಗಿಲುಗಳಿಗೆ ಬೇರೆ ಕೆಲಸವೇ ಇಲ್ಲ. ಭಾವ ಬದುಕಿದ್ದರೆ ಅಕ್ಕ ಉಳಿಯುವುದಿಲ್ಲ ಎಂದು ಅವನಿಗೆ ಆವತ್ತೇ ಖಚಿತವಾಯಿತು.

ದಾರಿ ತೋರಿಸಿದ್ದು ಒಂದು ಹಳೇ ಕಾರು. ಭಾವನೂ ಅವನೂ ಸೇರಿ ನಡೆಸುವ ಗ್ಯಾರೇಜಿಗೆ ಅದನ್ನು ತಳ್ಳಿಕೊಂಡು ತಂದಿದ್ದರು. ಕೀಲಿ ತಿರುಗಿಸಿದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ದೀಪಗಳು ಮಾತ್ರ ಝಗ್ಗನೆ ಉರಿಯುತ್ತಿದ್ದವು. ಬ್ಯಾಟರಿ ಗಟ್ಟಿಯಾಗಿದೆ, ಸತ್ತಿರುವುದು ಸ್ಟಾರ್ಟರ್ ಮೋಟರು ಎಂದು ಅವನೇ ತೀರ್ಪು ಕೊಟ್ಟ. ಬದಲಾಯಿಸಬೇಕಾದರೆ ಕಾರಿನ ಮೂತಿ ಎತ್ತಿ ಅಡಿಗೆ ಹೋಗಬೇಕು. ಅಂಥ ಕೆಲಸ ಯಾವಾಗಲೂ ಭಾವನದೇ.

ಭಾವನಿಗೊಂದು ಕೆಟ್ಟ ಚಾಳಿ. ಎಲ್ಲ ಮುಗಿದ ಮೇಲೆ ಕೀಲಿ ಮುಟ್ಟುವುದಿಲ್ಲ. ಮತ್ತೆ ಅಡಿಗೆ ತೂರಿ, ಮೋಟರಿನ ಎರಡು ವೈರು ತುದಿಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು, ಬ್ಯಾಟರಿಯ ಕರೆಂಟನ್ನು ನೇರ ಹಾಯಿಸಿ ತಿರುಗುತ್ತದೋ ಇಲ್ಲವೋ ನೋಡುತ್ತಾನೆ. ಗಾಡಿ ಗೇರಿನಲ್ಲಿದ್ದರೆ ಮುಂದಕ್ಕೆ ಜಿಗಿಯುತ್ತದೆ, ಜಾಕು ಉರುಳುತ್ತದೆ, ಕತೆ ಮುಗಿಯುತ್ತದೆ. "ಒಂದಿನ ಹಿಂಗೇ ಸಾಯ್ತೀಯ ಕಣಯ್ಯಾ" ಎಂದು ಬೀದಿಯ ಮೆಕ್ಯಾನಿಕ್‌ಗಳೆಲ್ಲ ಬೈದವರೇ. ಸಾಕ್ಷಿ ಹುಡುಕುವ ತಾಪತ್ರಯವೂ ಇರಲಿಲ್ಲ.

ಮಧ್ಯಾಹ್ನ ಬೀದಿ ಖಾಲಿಯಾದಾಗ, ಭಾವ ಕಾರಿನಡಿ ಇದ್ದಾಗಲೇ, ಅವನು ಗಾಡಿಯನ್ನು ಗೇರಿಗೆ ಹಾಕಿದ, ಹ್ಯಾಂಡ್‌ಬ್ರೇಕ್ ಇಳಿಸಿದ, ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆದ.

"ಮುಗೀತಾ ಭಾವ?"

"ಮೋಟರಿನ ಬೋಲ್ಟು, ವೈರು ಎಲ್ಲ ಬಿಗಿದೆ. ತಲೆ ತಿನ್ಬೇಡ, ನಿಮ್ಮಕ್ಕನ ಥರ."

ಅವನು ಜಾಕಿಗೆ ಒದ್ದ. ಕಾರು ಕುಸಿಯಿತು, ತೆರೆದಿದ್ದ ಬಾನೆಟ್ಟು ಧಡಾರನೆ ಮುಚ್ಚಿಕೊಂಡಿತು. ಪಕ್ಕೆಲುಬು ಮುರಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಭಾವನ ಬಾಯಿಂದ ರಕ್ತ ನೊರೆನೊರೆಯಾಗಿ ಉಕ್ಕಿತು.

"ಎತ್ತೋ... ಲೋ, ಎತ್ತೋ..."

ಅವನು ಎತ್ತಲಿಲ್ಲ. ಬಂಪರಿನ ಮೇಲೆ ಹತ್ತಿ ಕುಳಿತು, ಮೈಭಾರವನ್ನೆಲ್ಲ ಬಿಟ್ಟು ಕುಲುಕಿದ. ಹೊರಗೆ ಚಾಚಿದ್ದ ಕಾಲುಗಳು ನೆಲ ಕೆರೆದು, ಕೆರೆದು, ನಿಂತವು. ಅಬ್ಬಾ, ಎದೆ ಎಷ್ಟು ಹಗುರಾಯಿತು! ಸತ್ತವನ ಬೆರಳುಗಳಿಗೆ ಸ್ಕ್ರೂಡ್ರೈವರ್ ತುರುಕಿ, ಬೀದಿಗೋಡಿ ಬೊಬ್ಬೆ ಹೊಡೆದ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಪೊಲೀಸ್ ಅಧಿಕಾರಿ ಗೇರು ನೋಡಿದರು, ಸ್ಕ್ರೂಡ್ರೈವರ್ ನೋಡಿದರು, ಬೀದಿಯವರ ಮಾತು ಕೇಳಿದರು, ಕೊನೆಗೆ ಅವನ ಹೆಗಲು ತಟ್ಟಿದರು. ಹೆಣ ಸಾಗಿಸಿಯಾಯಿತು. ಇನ್ನು ಅಕ್ಕ ತನ್ನ ಮನೆಯಲ್ಲಿ ನೆಮ್ಮದಿಯಾಗಿ ಇರುತ್ತಾಳೆ ಎಂದುಕೊಂಡ.

"ಗಾಡಿ ಸ್ಟೇಷನ್ನಿಗೆ ಹೋಗ್ಬೇಕು, ತಳ್ಳೋಕೆ ಜನ ಕರೀರಿ" ಎಂದರು ಅಧಿಕಾರಿ.

"ತಳ್ಳೋದ್ಯಾಕೆ ಸಾರ್? ಹೊಸ ಮೋಟರು. ಕೀಲಿ ತಿರುಗಿಸಿ, ಸಾಕು."

ಅವರು ಕೀಲಿ ತಿರುಗಿಸಿದರು. ಟಕ್ ಎನ್ನುವ ಸದ್ದೂ ಇಲ್ಲ, ಒಂದು ದೀಪವೂ ಹತ್ತಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಇಳಿದುಬಂದು ಬಾನೆಟ್ಟು ಎತ್ತಿದರು. ಸ್ಟಾರ್ಟರಿಗೆ ಕೈ ಹಾಕುವ ಮುಂಚೆ ಎಲ್ಲ ಮೆಕ್ಯಾನಿಕ್‌ಗಳೂ ಮಾಡುವುದನ್ನೇ ಭಾವ ಮಾಡಿದ್ದ: ಬ್ಯಾಟರಿಯ ವೈರು ಕಳಚಿ, ತುದಿಗೆ ಬಟ್ಟೆ ಸುತ್ತಿ, ಪಕ್ಕಕ್ಕೆ ಕಟ್ಟಿಟ್ಟಿದ್ದ. ಅದನ್ನು ಮತ್ತೆ ಸಿಕ್ಕಿಸಲು ಭಾವ ಕಾರಿನಡಿಯಿಂದ ಎದ್ದು ಬಂದೇ ಇರಲಿಲ್ಲ. "ಕರೆಂಟೇ ಇಲ್ಲದೆ ಗಾಡಿ ಹೆಂಗಯ್ಯಾ ಜಿಗೀತು?" ಎಂದು ಅಧಿಕಾರಿ ಅವನ ಕಡೆ ತಿರುಗಿದರು.